ಬಾಲಿ ಮದುವೆಗೆ ಹೊರಟಿದ್ದೀರಾ? ಮೂರು ಆನ್‌ಲೈನ್ ಅರ್ಜಿಗಳ ಗುಣದೋಷ

ಲಗ್ನಪತ್ರಿಕೆಯಲ್ಲಿ ‘ನುಸಾ ದುವಾ, ಬಾಲಿ’ ಎಂದಿದ್ದರೆ ಹೋಟೆಲು, ಊಟದ ಚಿಂತೆ ಮದುವೆ ಮನೆಯವರದು. ವಿಮಾನ ಇಳಿದು ಹೊರಗೆ ಬರುವ ತನಕದ ಪಾಡು ಮಾತ್ರ ನಮ್ಮದೇ. ಅದು ಇಂಡೋನೇಷ್ಯಾದ ಮೂರು ಸರ್ಕಾರಿ ಜಾಲತಾಣಗಳ ಕೈಯಲ್ಲಿದೆ: ಇ-ವಿಒಎ (ಇಳಿದ ಮೇಲೆ ಸಿಗುವ ‘ವೀಸಾ ಆನ್ ಅರೈವಲ್’ ಅನ್ನೇ ಮೊದಲೇ ಆನ್‌ಲೈನಿನಲ್ಲಿ ಪಡೆಯುವ ವೀಸಾ), ‘ಲವ್ ಬಾಲಿ’ ಪ್ರವಾಸಿ ಶುಲ್ಕ, ‘ಆಲ್ ಇಂಡೋನೇಷ್ಯಾ’ ಆಗಮನ ಕಾರ್ಡು.

ಮೂರರಲ್ಲಿ ಕೊಟ್ಟ ಕಾಸಿಗೆ ತಕ್ಕ ಪ್ರಯೋಜನ ಇರುವುದು ಇ-ವಿಒಎಯಲ್ಲಿ. ಶುಲ್ಕ ಅಲ್ಲಿನ ಹಣದಲ್ಲಿ 5 ಲಕ್ಷ ರುಪಿಯಾ. ಗಾಬರಿ ಬೇಡ, ನಮ್ಮ ಲೆಕ್ಕದಲ್ಲಿ ಮೂರು ಸಾವಿರ ರೂಪಾಯಿಯ ಒಳಗೆ. 30 ದಿನ ಇರಬಹುದು. ಇದೇ ವೀಸಾ ವಿಮಾನ ನಿಲ್ದಾಣದ ಕೌಂಟರಿನಲ್ಲೂ ಸಿಗುತ್ತದೆ, ಆದರೆ ಎರಡು ಮೂರು ವಿಮಾನ ಒಟ್ಟಿಗೆ ಇಳಿದಾಗ ಆ ಸಾಲಿನಲ್ಲಿ ನಿಲ್ಲುವುದು ಮಕ್ಕಳಿರುವವರಿಗೆ ಶಿಕ್ಷೆ. ಕೂಸಿಗೂ ಪ್ರತ್ಯೇಕ ವೀಸಾ, ಪೂರ್ತಿ ಶುಲ್ಕ.

ಅರ್ಜಿ ಕೈಕೊಡುವುದು ಸಾಮಾನ್ಯವಾಗಿ ಎರಡು ಕಡೆ. ಮೊದಲನೆಯದು ಪಾಸ್‌ಪೋರ್ಟಿನ ಫೋಟೊ: ಫ್ಲಾಶ್ ಹಾಕಿ ತೆಗೆದರೆ ಪುಟದ ಕೆಳಗಿನ ಎರಡು ಸಾಲು ಬಿಳುಚಿಕೊಂಡು ಜಾಲತಾಣ ಅದರಿಂದ ಓದಿಕೊಳ್ಳುವ ಸಂಖ್ಯೆ ತಪ್ಪಾಗುತ್ತದೆ. ಕಿಟಕಿಯ ಪಕ್ಕ, ಹಗಲು ಬೆಳಕಿನಲ್ಲಿ, ಪುಟ ಚಪ್ಪಟೆಯಾಗಿ ಇಟ್ಟು ತೆಗೆಯಿರಿ. ಸಂಖ್ಯೆಯಲ್ಲಿ ಸೊನ್ನೆಯ ಬದಲು ‘ಓ’ ಅಕ್ಷರ ಕೂತಿದೆಯೇ ನೋಡಿ. ಎರಡನೆಯದು ಕಾರ್ಡು: ಬ್ಯಾಂಕ್ ಆ್ಯಪಿನಲ್ಲಿ ಅಂತರರಾಷ್ಟ್ರೀಯ ಆನ್‌ಲೈನ್ ಪಾವತಿ ಆನ್ ಆಗಿರದಿದ್ದರೆ ಹಣ ಹೋಗದು, ಕಾರಣವನ್ನೂ ಪರದೆ ಹೇಳದು. ಸರ್‌ನೇಮ್ ಕಾಲಂ ಖಾಲಿ ಇರುವ ಪಾಸ್‌ಪೋರ್ಟು ನಮ್ಮಲ್ಲಿ ಬಹಳ. ಟಿಕೆಟಿನಲ್ಲಿ ಒಂದೇ ಹೆಸರು ಎರಡು ಸಲ ಬಂದಿದ್ದರೂ ವೀಸಾದಲ್ಲಿ ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಬರೆಯಿರಿ.

ಪಾಸ್‌ಪೋರ್ಟಿಗೆ ಆರು ತಿಂಗಳ ಆಯುಷ್ಯ ಉಳಿದಿರಬೇಕು. ಅಂಚು ಹರಿದಿದ್ದರೆ, ನೀರು ಕುಡಿದಿದ್ದರೆ ಬೆಂಗಳೂರಿನಲ್ಲೇ ವಿಮಾನ ಹತ್ತಿಸದಿರಬಹುದು. ಈ ವಿಷಯದಲ್ಲಿ ಬಾಲಿ ಕಟ್ಟುನಿಟ್ಟು.

‘ಲವ್ ಬಾಲಿ’ ಬಗ್ಗೆ ಹೆಚ್ಚು ಹೇಳುವುದಿಲ್ಲ. 2024ರ ಫೆಬ್ರುವರಿ 14ರಿಂದ ತಲೆಗೆ 1,50,000 ರುಪಿಯಾ. ಕಟ್ಟಿದರೆ ಕ್ಯೂಆರ್ ಚೀಟಿ ಇಮೇಲಿಗೆ ಬರುತ್ತದೆ. ಇಮೇಲ್ ವಿಳಾಸದಲ್ಲಿ ಒಂದಕ್ಷರ ತಪ್ಪಿದರೆ ಚೀಟಿಯೂ ಇಲ್ಲ, ಕಾಸೂ ಇಲ್ಲ.

‘ಆಲ್ ಇಂಡೋನೇಷ್ಯಾ’ ಪೂರ್ತಿ ಉಚಿತ. ವಲಸೆ, ಆರೋಗ್ಯ, ಕಸ್ಟಮ್ಸ್ ಮೂರನ್ನೂ ಒಂದೇ ಅರ್ಜಿಗೆ ತಂದಿರುವುದು ಮೆಚ್ಚಬೇಕಾದ್ದೇ. ಇಳಿಯುವುದಕ್ಕೆ ಮುಂಚಿನ ಮೂರು ದಿನದೊಳಗೆ ತುಂಬಬೇಕು; ವಾರದ ಮುಂಚೆ ಕೂತರೆ ತೆಗೆದುಕೊಳ್ಳುವುದಿಲ್ಲ. ಇದಕ್ಕೂ ದುಡ್ಡು ಕೇಳುವ ನಕಲಿ ತಾಣಗಳು ಹುಡುಕಾಟದಲ್ಲಿ ಮೊದಲೇ ಕಾಣಿಸುತ್ತವೆ. ಅಸಲಿ ಮೂರರ ವಿಳಾಸವೂ ‘ಗೋ ಡಾಟ್ ಐಡಿ’ ಎಂದೇ ಮುಗಿಯುತ್ತದೆ.

ಗಿಡ, ಹಣ್ಣು ತಂದಿದ್ದೀರಾ ಎಂಬ ಪ್ರಶ್ನೆ ಈ ಕಾರ್ಡಿನಲ್ಲೇ ಇದೆ. ಮಾವಿನ ಸೊಪ್ಪು, ವೀಳ್ಯದೆಲೆ, ಮಲ್ಲಿಗೆ ದಂಡೆ ತುಂಬಿಕೊಂಡು ‘ಇಲ್ಲ’ ಎಂದು ಒತ್ತಬೇಡಿ. ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಅವನ್ನು ಬಿಡುವುದಿಲ್ಲ. ಒಯ್ಯುವ ಅಗತ್ಯವೂ ಇಲ್ಲ: ಬಾಲಿಯವರು ದಿನಾ ದೇವರಿಗಿಡುವ ‘ಚನಾಂಗ್’ ಎಂಬ ಪುಟ್ಟ ಗರಿಬುಟ್ಟಿಯಲ್ಲಿ ಹೂವಿನ ಜೊತೆಗೆ ಎಲೆ, ಅಡಿಕೆ, ಸುಣ್ಣವೂ ಇರುತ್ತದೆ. ಬೆಳಗಿನ ಸಂತೆಯಲ್ಲಿ ಇವೆಲ್ಲ ಸಲೀಸು, ತೆಂಗಿನಕಾಯಿಯೂ. ಕೊಬ್ಬರಿ ಗಿಟುಕನ್ನಂತೂ ವಿಮಾನದ ಲಗೇಜಿಗೆ ಹಾಕಲೇಬೇಡಿ, ಎಣ್ಣೆಯ ಅಂಶದಿಂದ ಹೊತ್ತಿಕೊಳ್ಳುತ್ತದೆಂದು ನಿಷೇಧವಿದೆ.

ಇನ್ನು ಇ-ವಿಒಎ ನೆಂಟರಿಗೆ ಸಾಕು, ಕೆಲಸಕ್ಕಲ್ಲ. ಊರಿನಿಂದ ಕರೆದೊಯ್ಯುವ ಮೆಹೆಂದಿಯವರು, ಛಾಯಾಗ್ರಾಹಕರು ಅದರಲ್ಲೇ ಹೋಗಿ ಸಂಭಾವನೆ ಪಡೆದರೆ ಸಿಕ್ಕಿಬೀಳಬಹುದು. ಅವರ ವೀಸಾ ಮಾತು ಮದುವೆ ಆಯೋಜಕರ ಬಳಿ ಮೊದಲೇ ಆಗಲಿ.

ಒಡವೆಗೆ ಯಾವ ಜಾಲತಾಣವೂ ನೆರವಾಗದು. ಹೊರಡುವಾಗ ಬೆಂಗಳೂರು ನಿಲ್ದಾಣದ ಕಸ್ಟಮ್ಸ್‌ನಲ್ಲಿ ರಫ್ತು ಪ್ರಮಾಣಪತ್ರ ಮಾಡಿಸಿ. ಇಲ್ಲದಿದ್ದರೆ ಹಿಂದಿರುಗುವಾಗ ಅಜ್ಜಿಯ ಕಾಸಿನಸರವೂ ವಿದೇಶದಲ್ಲಿ ಕೊಂಡದ್ದಲ್ಲ ಎಂದು ನೀವೇ ಸಾಬೀತು ಮಾಡಬೇಕು. ಬಿಲ್ ಅಥವಾ ಮೌಲ್ಯಮಾಪನ ಪತ್ರ, ಒಡವೆಯ ಫೋಟೊ, ಕೈಯಲ್ಲಿ ಒಂದು ಗಂಟೆ ಹೆಚ್ಚುವರಿ ಸಮಯ ಇರಲಿ. ಒಡವೆ ಚೆಕ್-ಇನ್ ಸೂಟ್‌ಕೇಸಿಗೆ ಹೋಗಿಬಿಟ್ಟರೆ ತೋರಿಸಲು ಏನೂ ಉಳಿಯುವುದಿಲ್ಲ.