ದುಬಾರಿ ವೈರ್‌ಲೆಸ್ ಕೀಬೋರ್ಡ್ ತರಿಸುವ ಮುಂಚೆ ಲೇಬಲ್ ಕೇಳಿ

ಆನ್‌ಲೈನಿನಲ್ಲಿ ಹತ್ತು ಸಾವಿರ ದಾಟಿದ ವೈರ್‌ಲೆಸ್ ಕೀಬೋರ್ಡ್ ತರಿಸುವ ಯೋಚನೆ ಇದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಕೀ ಒತ್ತಿದರೆ ಎಷ್ಟು ಹಿತ, ಚಾರ್ಜ್ ಎಷ್ಟು ದಿನ ಬರುತ್ತದೆ ಎಂದು ಹೇಳುವ ವಿಡಿಯೊಗಳು ಬೇಕಾದಷ್ಟಿವೆ. ಅದು ಕೆಟ್ಟರೆ ಭಾರತದಲ್ಲಿ ಯಾರು ನೋಡಿಕೊಳ್ಳುತ್ತಾರೆ ಎಂಬ ಮಾತು ಮಾತ್ರ ಅಲ್ಲಿ ಬರುವುದಿಲ್ಲ. ನನಗೆ ಏಟು ಬಿದ್ದದ್ದು ಅಲ್ಲೇ.

ನನ್ನ ಕೆಲಸ ಕನ್ನಡ ಟೈಪಿಂಗ್ ಮತ್ತು ಪುಟ ವಿನ್ಯಾಸ. ಉಡುಪಿಯಲ್ಲಿ ಮನೆಯಲ್ಲೇ ಕೂತು ಪುಸ್ತಕ, ದೇವಸ್ಥಾನದ ಬ್ರಹ್ಮಕಲಶದ ಸ್ಮರಣ ಸಂಚಿಕೆ, ಮದುವೆ ಕಾಗದ ಎಲ್ಲ ಮಾಡಿಕೊಡುತ್ತೇನೆ. ಬೆಳಿಗ್ಗೆಯಿಂದ ಸಂಜೆವರೆಗೆ ಬೆರಳು ಕೀ ಮೇಲೆಯೇ ಇರುತ್ತದೆ. ಮಣಿಕಟ್ಟು ನೋವು ಶುರುವಾದ ಮೇಲೆ ಎತ್ತರ ಕಡಿಮೆ ಇರುವ ಒಳ್ಳೆಯ ಕೀಬೋರ್ಡ್ ಬೇಕಾಯಿತು. ಒಂದು ದೊಡ್ಡ ಕಂಪನಿಯ ಮೇಲ್ದರ್ಜೆಯ ಮಾಡೆಲ್ ಆರಿಸಿದೆ. ದೊಡ್ಡ ಶಾಪಿಂಗ್ ತಾಣವೊಂದರಲ್ಲಿ ಆರ್ಡರ್ ಮಾಡಿದೆ. ಬೆಲೆ 12,000 ರೂಪಾಯಿಗೂ ಸ್ವಲ್ಪ ಮೇಲೆ. ಪುಟದಲ್ಲಿ ‘1 ವರ್ಷ ಕಂಪನಿ ವಾರಂಟಿ’ ಎಂದು ಎದ್ದು ಕಾಣುವ ಹಾಗೆ ಬರೆದಿತ್ತು. ಮಾರುವವನು ಆ ತಾಣದವನಲ್ಲ, ಅಲ್ಲಿ ಅಂಗಡಿ ಇಟ್ಟ ಬೇರೊಬ್ಬ.

ಕೀಬೋರ್ಡ್ ಕೈಗೆ ಬಂದಾಗ ಖುಷಿಯಾಗಿದ್ದು ನಿಜ. ಕೀಗಳಲ್ಲಿ ಬೆರಳ ತುದಿ ಕೂರುವಷ್ಟು ಸಣ್ಣ ತಗ್ಗು. ಸದ್ದು ಕಡಿಮೆ. ಒಂದು ಕೀ ಒತ್ತಿದರೆ ಕಂಪ್ಯೂಟರಿನಿಂದ ಲ್ಯಾಪ್‌ಟಾಪಿಗೆ, ಅಲ್ಲಿಂದ ಫೋನಿಗೆ ಹೋಗಬಹುದು. ಮಣಿಕಟ್ಟಿಗೂ ಆರಾಮ ಅನ್ನಿಸಿತು.

ಕೆಲವು ತಿಂಗಳಾದ ಮೇಲೆ ಎಫ್ ಕೀ ಕೈಕೊಡಲು ಶುರು ಮಾಡಿತು.

ಕನ್ನಡ ಟೈಪ್ ಮಾಡುವವರಿಗೆ ಇದರ ಕಷ್ಟ ಹೇಳಬೇಕಾಗಿಲ್ಲ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ, ಅಂದರೆ ನಾವು ನುಡಿ ತಂತ್ರಾಂಶದಲ್ಲಿ ದಿನಾ ಬಳಸುವುದರಲ್ಲಿ, ಒತ್ತಕ್ಷರ ಬರಬೇಕಾದರೆ ನಡುವೆ ಎಫ್ ಒತ್ತಬೇಕು. ‘ಅಮ್ಮ’ ಬರೆಯಲು ಎ, ಎಂ, ಎಫ್, ಎಂ. ಎಫ್ ತಪ್ಪಿದರೆ ‘ಅಮಮ’ ಆಗುತ್ತದೆ. ‘ಕನ್ನಡ’ ಹೋಗಿ ‘ಕನನಡ’ ಆಗುತ್ತದೆ. ಒತ್ತಕ್ಷರ ಇಲ್ಲದ ಸಾಲು ಕನ್ನಡದಲ್ಲಿ ಎಲ್ಲಿದೆ ಹೇಳಿ? ಇದರ ಜೊತೆಗೆ ಎನ್ ಕೀ ಒಂದು ಸಲ ಒತ್ತಿದರೆ ಎರಡು ಸಲ ಬೀಳತೊಡಗಿತು. ‘ಮನೆ’ ಎಂದು ಹೊಡೆದರೆ ‘ಮನನೆ’. ಇಂಗ್ಲಿಷಿನಲ್ಲಾದರೆ ತಪ್ಪಿನ ಕೆಳಗೆ ಕೆಂಪು ಗೆರೆ ಬರುತ್ತದೆ. ನಾವು ಕನ್ನಡ ಪುಟ ಕಟ್ಟುವಾಗ ನಮ್ಮ ಕಣ್ಣೇ ಗತಿ. ಒಂದು ಮದುವೆ ಕಾಗದದ ಪ್ರೂಫಿನಲ್ಲಿ ಹುಡುಗನ ಅಜ್ಜನ ಹೆಸರು ‘ಅಣ್ಣಪ್ಪ’ ಇದ್ದದ್ದು ‘ಅಣಣಪ್ಪ’ ಆಗಿ ಹೋಗಿತ್ತು. ಮನೆಯವರು ನೋಡಿ ಫೋನ್ ಮಾಡಿದರು, ಪುಣ್ಯಕ್ಕೆ ಪ್ರಿಂಟಿಗೆ ಹೋಗಿರಲಿಲ್ಲ. ಆಮೇಲೆ ಪ್ರತಿ ಪುಟವನ್ನೂ ಜಾಸ್ತಿ ಸಲ ಓದಬೇಕಾಯಿತು. ಒಂದು ಸಂಜೆಯ ಕೆಲಸ ಮಾರನೆಯ ದಿನಕ್ಕೆ ಜಾರತೊಡಗಿತು.

ನಿಮ್ಮ ಕೀಬೋರ್ಡಿನಲ್ಲೂ ಹೀಗಾಗುತ್ತಿದ್ದರೆ ತಕ್ಷಣ ಕೀಬೋರ್ಡನ್ನೇ ದೂರಬೇಡಿ. ಮೊದಲು ಒಂದು ವಿಷಯ ನೋಡಿಕೊಳ್ಳಿ. ಕಂಪ್ಯೂಟರಿಗೆ ಸಿಕ್ಕಿಸುವ ಸಣ್ಣ ರಿಸೀವರ್ ಕೆಲಸ ಮಾಡುವುದು 2.4 ಗಿಗಾಹರ್ಟ್ಸ್ ಅಲೆಗಳಲ್ಲಿ. ಯುಎಸ್‌ಬಿ 3.0 ಪೋರ್ಟ್ ಮತ್ತು ಅದಕ್ಕೆ ಹಾಕಿದ ಹಾರ್ಡ್ ಡಿಸ್ಕ್ ಅದೇ ಅಲೆಗಳ ಜಾಗದಲ್ಲಿ ಗದ್ದಲ ಎಬ್ಬಿಸುತ್ತವೆ. ಇಂಟೆಲ್ ಕಂಪನಿಯೇ 2012ರಲ್ಲಿ ಇದರ ಬಗ್ಗೆ ವಿವರವಾಗಿ ಬರೆದು ಪ್ರಕಟಿಸಿತ್ತು. ಬ್ಯಾಕಪ್ ಹಾರ್ಡ್ ಡಿಸ್ಕಿನ ಪಕ್ಕದಲ್ಲೇ ರಿಸೀವರ್ ಸಿಕ್ಕಿಸಿದರೆ ಅಕ್ಷರ ತಡವಾಗಿ ಬರುತ್ತದೆ, ಕೆಲವು ಬರುವುದೇ ಇಲ್ಲ. ಒಂದು ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ತಂದು ರಿಸೀವರನ್ನು ಮೇಜಿನ ಮೇಲೆ, ಕೀಬೋರ್ಡಿನ ಹತ್ತಿರ ಇಟ್ಟರೆ ಸಾಕು. ನಾನೂ ಹಾಗೆ ಮಾಡಿದೆ. ಅಲ್ಲಲ್ಲಿ ಬೇರೆ ಅಕ್ಷರಗಳು ತಪ್ಪುತ್ತಿದ್ದದ್ದು ನಿಂತೇಹೋಯಿತು. ಎಫ್ ಮತ್ತು ಎನ್ ಮಾತ್ರ ಸರಿಯಾಗಲಿಲ್ಲ. ಬ್ಲೂಟೂತಿನಲ್ಲಿ ಹಾಕಿದೆ, ಅದೇ ಕಥೆ. ತಂಗಿಯ ಲ್ಯಾಪ್‌ಟಾಪಿಗೆ ಹಾಕಿದೆ, ಅಲ್ಲೂ ಅದೇ.

ತೊಂದರೆ ಯಾವಾಗಲೂ ಅದೇ ಒಂದೆರಡು ಕೀಗಳಲ್ಲಿ, ಯಾವ ಕಂಪ್ಯೂಟರಿಗೆ ಹಾಕಿದರೂ ಬರುತ್ತಿದ್ದರೆ ದೋಷ ಕೀಯ ಕೆಳಗಿನ ಸ್ವಿಚ್ಚಿನಲ್ಲೇ ಇದೆ ಎಂದು ಹೆಚ್ಚುಕಡಿಮೆ ಖಚಿತ. ಕೇಬಲ್ ಹಾಕಿ ನೋಡೋಣ ಎಂದರೆ ಅದಕ್ಕೂ ದಾರಿ ಇರಲಿಲ್ಲ. ಇಂಥ ಹಲವು ದುಬಾರಿ ಮಾಡೆಲ್‌ಗಳಲ್ಲಿ ಕೇಬಲ್ ಇರುವುದು ಚಾರ್ಜಿಗೆ ಮಾತ್ರ, ಅಕ್ಷರ ಅದರಲ್ಲಿ ಹೋಗುವುದಿಲ್ಲ. ಕೊಳ್ಳುವಾಗ ಇದನ್ನೂ ಕೇಳಿಕೊಳ್ಳಿ.

ವರ್ಷ ತುಂಬಿರಲಿಲ್ಲ. ವಾರಂಟಿ ಇದೆಯಲ್ಲ ಎಂದು ಕಂಪನಿಯ ಭಾರತದ ಸಹಾಯವಾಣಿಗೆ ಫೋನ್ ಮಾಡಿದೆ. ಸೀರಿಯಲ್ ನಂಬರ್ ಕೇಳಿದರು, ಸ್ವಲ್ಪ ಹೊತ್ತು ಕಾಯಿಸಿದರು. ‘ಮೇಡಂ, ಈ ಪೀಸ್ ಇಂಡಿಯಾಕ್ಕೆ ಕಳಿಸಿದ್ದಲ್ಲ. ಬೇರೆ ದೇಶದ ಮಾರ್ಕೆಟ್‌ದು. ಇಲ್ಲಿ ವಾರಂಟಿ ಬರಲ್ಲ’ ಎಂದರು. ನನಗೆ ನಂಬಿಕೆ ಬರಲಿಲ್ಲ. ಬಸ್ಸು ಹತ್ತಿ ಮಂಗಳೂರಿನ ಸರ್ವಿಸ್ ಸೆಂಟರಿಗೇ ಹೋದೆ. ಕೌಂಟರಿನ ಹುಡುಗ ಕೀಬೋರ್ಡನ್ನು ತಿರುಗಿಸಿ, ಮೊಬೈಲ್ ಟಾರ್ಚ್ ಹಿಡಿದು ತಳದ ಸಣ್ಣ ಅಕ್ಷರ ಓದಿದ. ಪೆಟ್ಟಿಗೆಯನ್ನೂ ನಾಲ್ಕೂ ಕಡೆ ತಿರುಗಿಸಿ ನೋಡಿದ.

‘ಆರ್ ನಂಬರೇ ಇಲ್ಲ ಮೇಡಂ. ಇಂಪೋರ್ಟರ್ ಸ್ಟಿಕರೂ ಇಲ್ಲ. ನಾವು ಇದನ್ನು ಬಿಚ್ಚೋ ಹಾಗೇ ಇಲ್ಲ.’

‘ದುಡ್ಡು ಕೊಡ್ತೇನೆ ಮಾರಾಯ್ರೆ, ಎರಡು ಕೀ ಸರಿಮಾಡಿ ಕೊಡಿ.’

‘ದುಡ್ಡಿನ ಪ್ರಶ್ನೆ ಅಲ್ಲ ಮೇಡಂ. ಇದರ ಬಿಡಿಭಾಗ ನಮಗೆ ಬರೋದೇ ಇಲ್ಲ. ಕೆಟ್ಟರೆ ಬದಲಿ ಪೀಸ್ ಕೊಡ್ತೇವೆ ಅಷ್ಟೇ, ಅದಕ್ಕೆ ವಾರಂಟಿ ಬೇಕು.’

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನು ಹೇಳಿದ ಎರಡು ವಿಷಯಗಳು ಪ್ರತಿಯೊಬ್ಬ ಗಿರಾಕಿಗೂ ಗೊತ್ತಿರಬೇಕು ಎಂದೇ ಇದನ್ನು ಬರೆಯುತ್ತಿದ್ದೇನೆ.

ಮೊದಲನೆಯದು ಆರ್ ನಂಬರ್. ಭಾರತದಲ್ಲಿ ಮಾರುವ ವೈರ್‌ಲೆಸ್ ಕೀಬೋರ್ಡ್ ಸುರಕ್ಷತೆಯ ಪರೀಕ್ಷೆ ಪಾಸಾಗಿ, ವಸ್ತುಗಳ ಗುಣಮಟ್ಟ ನೋಡುವ ಸರ್ಕಾರಿ ಸಂಸ್ಥೆ ಬಿಐಎಸ್‌ನಲ್ಲಿ ನೋಂದಣಿ ಆಗಿರಬೇಕು. 2012ರ ಕಡ್ಡಾಯ ನೋಂದಣಿ ಆದೇಶದ ಮೊದಲ ಪಟ್ಟಿಯಲ್ಲೇ ವೈರ್‌ಲೆಸ್ ಕೀಬೋರ್ಡ್ ಇತ್ತು. ನೋಂದಣಿ ಆದ ವಸ್ತುವಿನ ಮೇಲೆ ಬಿಐಎಸ್ ಗುರುತು, ಜೊತೆಗೆ ಆರ್ ಅಕ್ಷರದ ಮುಂದೆ ಎಂಟು ಅಂಕಿಯ ಸಂಖ್ಯೆ ಇರುತ್ತದೆ. ಬಿಐಎಸ್ ಕೇರ್ ಎಂಬ ಸರ್ಕಾರದ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಅದು ಯಾವ ತಯಾರಕರದ್ದು, ಯಾವ ವಸ್ತುವಿಗೆ ಕೊಟ್ಟದ್ದು ಎಂದು ತೋರಿಸುತ್ತದೆ. ಸುಮ್ನೆ ಅಂಟಿಸಿದ ಸುಳ್ಳು ನಂಬರಾದರೆ ಅಲ್ಲೇ ಗೊತ್ತಾಗುತ್ತದೆ. ಒಳಗೆ ಲಿಥಿಯಂ ಬ್ಯಾಟರಿ ಇರುವ ವಸ್ತು ಇದು. ನಮ್ಮ ಮೇಜಿನ ಮೇಲೆ ಕೂತು ಚಾರ್ಜ್ ಆಗುವಂಥದ್ದು. ಪರೀಕ್ಷೆ ಆಗಿದೆಯೋ ಇಲ್ಲವೋ ಎಂಬುದು ಸಣ್ಣ ವಿಷಯ ಅಲ್ವಲ್ಲ.

ಎರಡನೆಯದು ಆಮದುದಾರರ ಸ್ಟಿಕರ್. ಹೊರದೇಶದಿಂದ ಬಂದ ಪ್ಯಾಕೆಟ್ಟಿನ ಮೇಲೆ ಇಲ್ಲಿಯ ಆಮದುದಾರರ ಹೆಸರು, ವಿಳಾಸ, ತಯಾರಾದ ದೇಶ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ದೂರು ಹೇಳಲು ಫೋನ್ ನಂಬರ್ ಇರಲೇಬೇಕು. 2011ರ ತೂಕ ಮತ್ತು ಅಳತೆಯ ಪ್ಯಾಕೇಜ್ ನಿಯಮಗಳಲ್ಲಿ ಇದು ಸ್ಪಷ್ಟವಾಗಿದೆ. ಆನ್‌ಲೈನಿನಲ್ಲಿ ಮಾರುವಾಗ ಈ ವಿವರಗಳು ಮಾರಾಟದ ಪುಟದಲ್ಲೂ ಕಾಣಬೇಕು. ನನಗೆ ಮಾರಿದವನ ಪುಟದಲ್ಲಿ ಆಮದುದಾರ ಎಂಬಲ್ಲಿ ಅವನದೇ ಅಂಗಡಿಯ ಹೆಸರಿತ್ತು. ಪೆಟ್ಟಿಗೆಯಲ್ಲಿ ಏನೂ ಇರಲಿಲ್ಲ. ಅಂದರೆ ಅವನಿಗೆ ಎಲ್ಲ ಗೊತ್ತಿತ್ತು. ಬೇರೆ ಕಡೆಯಿಂದ ಕಡಿಮೆ ಬೆಲೆಗೆ ತಂದ ಮಾಲನ್ನು ಇಲ್ಲಿಯ ವಾರಂಟಿಯ ಮಾತು ಹೇಳಿ ಇಲ್ಲಿಯ ಬೆಲೆಗೇ ಮಾರಿದ್ದ. ಇದು ಮೋಸ. ಬೇರೆ ಹೆಸರಿಲ್ಲ ಇದಕ್ಕೆ.

ಅವನಿಗೆ ಬರೆದಾಗ ಬಂದ ಉತ್ತರ: ರಿಪ್ಲೇಸ್‌ಮೆಂಟ್ ಅವಧಿ ಮುಗಿದಿದೆ, ಕಂಪನಿಯನ್ನು ಕೇಳಿ. ಕಂಪನಿ ಹೀಗೆ ಹೇಳಿತು ಎಂದು ತಿಳಿಸಿದ ಮೇಲೆ ಒಂದು ಕೂಪನ್ ಕೊಡುತ್ತೇನೆ ಎಂದ. ಬೇಡ ಎಂದಾಗ ಹೊಸ ಮಾತು ತೆಗೆದ. ನೀವು ಇದನ್ನು ಬಿಸಿನೆಸ್ಸಿಗೆ ಬಳಸಿದ್ದೀರಿ, ಆದ್ದರಿಂದ ನೀವು ಗ್ರಾಹಕರೇ ಅಲ್ಲ ಎಂದ!

ಮನೆಯಲ್ಲಿ ಕೂತು ಟೈಪಿಂಗ್, ಅನುವಾದ, ಅಕೌಂಟ್ಸ್ ಮಾಡುವವರೆಲ್ಲ ಇಲ್ಲಿ ಗಮನ ಕೊಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದನ್ನು ಬಿಡಿಸಿ ಹೇಳಿದೆ. ಸ್ವಂತ ಉದ್ಯೋಗ ಮಾಡಿ ಹೊಟ್ಟೆ ಹೊರೆಯಲೆಂದೇ ಕೊಂಡು ತಾನೇ ಬಳಸುವ ವಸ್ತು ವ್ಯಾಪಾರದ ಖರೀದಿ ಅಲ್ಲ. ನಾವು ಗ್ರಾಹಕರೇ. ಇದನ್ನೇ ಹೇಳಿ ಬೆದರಿಸಿದರೆ ಹೆದರಬೇಡಿ.

ಆಮೇಲೆ ನಾನು ಮಾರಾಟಗಾರನ ಜೊತೆ ಮಾತು ಬಿಟ್ಟು, ಶಾಪಿಂಗ್ ತಾಣದ ಕುಂದುಕೊರತೆ ಅಧಿಕಾರಿಗೆ ಬರೆದೆ. ಪ್ರತಿ ತಾಣದಲ್ಲೂ ಇವರ ಹೆಸರು ಮತ್ತು ಇಮೇಲ್ ಇರಲೇಬೇಕು, ಪುಟದ ತಳದಲ್ಲಿ ಹುಡುಕಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ 48 ಗಂಟೆಯೊಳಗೆ ದೂರು ತಲುಪಿತು ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು. ತಲುಪಿತು ಎಂಬ ಉತ್ತರ ಬಂತು. ಆಮೇಲೆ ಸದ್ದಿಲ್ಲ. ಆಗ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. ಬಿಲ್, ಮಾರಾಟದ ಪುಟದ ಸ್ಕ್ರೀನ್‌ಶಾಟ್, ಪೆಟ್ಟಿಗೆಯ ನಾಲ್ಕೂ ಬದಿಯ ಫೋಟೊ, ಸೀರಿಯಲ್ ನಂಬರಿನ ಬಗ್ಗೆ ಕಂಪನಿ ಕಳಿಸಿದ ಇಮೇಲ್ ಎಲ್ಲ ದೂರಿಗೆ ಸೇರಿಸಿದೆ. ಎರಡು ಕೀ ಸರಿಯಿಲ್ಲ ಎಂದಷ್ಟೇ ಬರೆದಿದ್ದರೆ ವಾದ ಎಳೆಯುತ್ತಿದ್ದರೇನೋ. ಆರ್ ನಂಬರ್ ಇಲ್ಲ, ಆಮದುದಾರರ ವಿವರ ಇಲ್ಲ, ವಾರಂಟಿ ಎಂದು ಸುಳ್ಳು ಬರೆದಿದ್ದಾರೆ ಎಂಬ ಮೂರು ಮಾತಿಗೆ ಅವರ ಹತ್ತಿರ ಉತ್ತರ ಇರಲಿಲ್ಲ. ಕೊನೆಗೆ ದುಡ್ಡು ಪೂರ್ತಿ ವಾಪಸ್ ಬಂತು. ಹಾಳಾದ ಕೆಲಸದ ಹೊತ್ತಿಗೆ, ಮಂಗಳೂರಿನ ಓಡಾಟಕ್ಕೆ ಏನೂ ಬರಲಿಲ್ಲ. ಅದೂ ಬೇಕು ಎನ್ನುವವರು ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ನೀವು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕೊಂಡ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ, ಇ-ಜಾಗೃತಿ ತಾಣದಲ್ಲಿ ಆನ್‌ಲೈನಾಗಿಯೇ ಸಲ್ಲಿಸಬಹುದು.

ಲೇಬಲ್ ಸರಿಯಿದ್ದ ಕೀಬೋರ್ಡಿನಲ್ಲೂ ತೊಂದರೆ ಬರುತ್ತದೆ, ಅದನ್ನೂ ಹೇಳಬೇಕು. ಮಣಿಪಾಲದ ಗೆಳತಿಯದು ಎರಡು ವರ್ಷ ದಾಟಿದ ಮೇಲೆ ಮೇಜಿನ ಮೇಲೆ ಅಲ್ಲಾಡತೊಡಗಿತು. ನೋಡಿದರೆ ಒಳಗಿನ ಬ್ಯಾಟರಿ ಉಬ್ಬಿ ತಳದ ಪ್ಲಾಸ್ಟಿಕ್ಕನ್ನು ತಳ್ಳುತ್ತಿತ್ತು. ಹೀಗಾದರೆ ಚಾರ್ಜ್ ಹಾಕುವುದನ್ನು ಆ ಕ್ಷಣವೇ ನಿಲ್ಲಿಸಿ. ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ಚುಚ್ಚಬೇಡಿ, ಕಸದ ಬುಟ್ಟಿಗೂ ಹಾಕಬೇಡಿ. ತೂತಾದ ಲಿಥಿಯಂ ಬ್ಯಾಟರಿ ಹೊತ್ತಿಕೊಳ್ಳುತ್ತದೆ. ಇ-ತ್ಯಾಜ್ಯ ತೆಗೆದುಕೊಳ್ಳುವಲ್ಲಿಗೇ ಕೊಡಿ. ಅವಳ ಕೀಗಳೆಲ್ಲ ಹೊಸದರಂತೆ ಇದ್ದವು, ಬದಲಿ ಬ್ಯಾಟರಿ ಸಿಗದೆ ಇಡೀ ಕೀಬೋರ್ಡ್ ಹೋಯಿತು. ಬೆಂಗಳೂರಿನ ಭಾವನದು ಇನ್ನೊಂದು ಕಥೆ. ಉಗುರಿನಷ್ಟು ರಿಸೀವರ್ ಆಫೀಸ್ ಬದಲಿಸುವಾಗ ಕಳೆಯಿತು. ಆ ಮಾಡೆಲ್ಲಿಗೆ ಬ್ಲೂಟೂತ್ ಇಲ್ಲ, ಬೇರೆ ರಿಸೀವರ್ ಬಿಡಿಯಾಗಿ ಮಾರುವುದಿಲ್ಲ.

ಬೆಲೆ ಜಾಸ್ತಿ ಕೊಟ್ಟರೆ ಕೆಡುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಆ್ಯಪಲ್ ಲ್ಯಾಪ್‌ಟಾಪುಗಳ ಬಟರ್‌ಫ್ಲೈ ಕೀಬೋರ್ಡ್ ನೆನಪಿಸಿಕೊಳ್ಳಿ. 2015ರಲ್ಲಿ ಬಂದ ಆ ವಿನ್ಯಾಸದಲ್ಲಿ ಕೀ ಅಂಟುವುದು, ಅಕ್ಷರ ತಪ್ಪುವುದು, ಎರಡೆರಡು ಬೀಳುವುದು ಎಷ್ಟು ಜನಕ್ಕೆ ಆಯಿತೆಂದರೆ 2018ರಲ್ಲಿ ಕಂಪನಿ ಉಚಿತ ರಿಪೇರಿ ಯೋಜನೆ ಶುರು ಮಾಡಿತು. ಅಮೆರಿಕದಲ್ಲಿ ಗಿರಾಕಿಗಳು ಒಟ್ಟಾಗಿ ಹಾಕಿದ ದಾವೆ 2022ರಲ್ಲಿ 5 ಕೋಟಿ ಡಾಲರಿನ ಒಪ್ಪಂದಕ್ಕೆ ಬಂತು. ಅಲ್ಲಿ ಕೇಳಲು ಎದುರಿಗೆ ಒಂದು ಕಂಪನಿ ಇತ್ತು. ವಾರಂಟಿ ಇಲ್ಲದ ಮಾಲು ಕೊಂಡ ನಮಗೆ ಎದುರಿಗೆ ಯಾರೂ ಇರುವುದಿಲ್ಲ.

ಹಾಗಾಗಿ ಆರ್ಡರ್ ಮಾಡುವ ಮುಂಚೆ ಮಾರಾಟಗಾರನ ಹೆಸರು ಒತ್ತಿ ನೋಡಿ. ಕಂಪನಿಯ ಭಾರತದ ವೆಬ್‌ಸೈಟಿನಲ್ಲಿ ಅಧಿಕೃತ ಮಾರಾಟಗಾರರ ಪಟ್ಟಿ ಇದ್ದರೆ ಅದರಲ್ಲಿ ಆ ಹೆಸರು ಇದೆಯೇ ನೋಡಿ. ಪೆಟ್ಟಿಗೆಯ ಹಿಂಬದಿಯ ಫೋಟೊ ಕಳಿಸಿ ಎಂದು ಕೇಳಿ, ಕೊಡದಿದ್ದರೆ ಬಿಟ್ಟುಬಿಡಿ. ಊರಿನ ಅಂಗಡಿಯಲ್ಲಿ ಐನೂರು ರೂಪಾಯಿ ಜಾಸ್ತಿಯಾದರೂ ಪೆಟ್ಟಿಗೆ ಕೈಯಲ್ಲಿ ಹಿಡಿದು ಓದಬಹುದು. ನಾನು ಈಗ ತಂದದ್ದು ಹಾಗೆಯೇ. ಎರಡು ಮಾಮೂಲಿ ಪೆನ್ಸಿಲ್ ಸೆಲ್ ಹಾಕುವ ಮಾಡೆಲ್, ಬೆಲೆ ಮೊದಲಿನದರ ಕಾಲು ಭಾಗ.

ಪಾರ್ಸೆಲ್ ಬಂದ ದಿನವೇ ಬಿಚ್ಚುವಾಗ ವಿಡಿಯೊ ಮಾಡಿ. ಸೀರಿಯಲ್ ನಂಬರನ್ನು ಕಂಪನಿಯ ತಾಣದಲ್ಲಿ ಹಾಕಿ, ಆರ್ ನಂಬರನ್ನು ಬಿಐಎಸ್ ಕೇರ್‌ನಲ್ಲಿ ಹಾಕಿ. ಆಮೇಲೆ ಕನ್ನಡದಲ್ಲೇ ಒಂದೆರಡು ಪುಟ ಒತ್ತಕ್ಷರ ತುಂಬಿದ ಬರಹ ಟೈಪ್ ಮಾಡಿ. ಲೇಬಲ್ ಇಲ್ಲದಿದ್ದರೆ ಕೀಗಳು ಎಷ್ಟೇ ಚೆನ್ನಾಗಿರಲಿ, ವಾಪಸ್ ಮಾಡುವ ಅವಧಿ ಮುಗಿಯುವ ಮುಂಚೆ ಕಳಿಸಿಬಿಡಿ. ಅವಧಿ ಮುಗಿದು ಸಿಕ್ಕಿಬಿದ್ದಿದ್ದರೆ ಬಿಲ್ಲು, ಪೆಟ್ಟಿಗೆ ಎಸೆಯಬೇಡಿ, ಮಾರಾಟದ ಪುಟ ಅಳಿಸಿಹೋಗುವ ಮುಂಚೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು 1915ಕ್ಕೆ ಫೋನ್ ಮಾಡಿ. ನನಗೆ ಮಾರಿದವನ ಆ ಪುಟ ಇವತ್ತು ಬೆಳಿಗ್ಗೆ ನೋಡಿದಾಗಲೂ ಅಲ್ಲೇ ಇತ್ತು, ‘1 ವರ್ಷ ಕಂಪನಿ ವಾರಂಟಿ’ ಎಂಬ ಅದೇ ಸಾಲಿನ ಜೊತೆ. ಅದನ್ನು ತೆಗೆಸಲು ಇನ್ನೊಂದು ದೂರು ಕೊಟ್ಟಿದ್ದೇನೆ.