ಪುಟ್ ಆಫ್ ಹೇಳಬೇಕಾ, ಕಾಲ್ ಆಫ್ ಹೇಳಬೇಕಾ?

ಮೀಟಿಂಗ್ ಇವತ್ತಿಲ್ಲ, ಸೋಮವಾರ ಇದೆ ಅಂದರೆ 'ಪುಟ್ ಆಫ್'. ನಡೆಯುವುದೇ ಇಲ್ಲ ಅಂದರೆ 'ಕಾಲ್ ಆಫ್'. ಮುಂದೂಡಿದ ಮೀಟಿಂಗ್‌ಗೆ ಕಾಲ್ ಆಫ್ ಅಂದುಬಿಟ್ಟರೆ ಸೋಮವಾರ ಯಾರೂ ಬರುವುದಿಲ್ಲ, ಅಲ್ವಾ?

ಕಾಲ್ ಆಫ್ ಸುಲಭ. ಹೆಚ್ಚಾಗಿ ರದ್ದು ಅನ್ನುವ ಅರ್ಥವೇ. ಜಾಸ್ತಿ ಗಮನ ಬೇಕಾಗಿರುವುದು ಪುಟ್ ಆಫ್‌ಗೆ. 'ದ ಸ್ಮೆಲ್ ಪುಟ್ ಮಿ ಆಫ್' ಅಂದರೆ ಮುಂದೂಡುವ ಮಾತೇ ಅಲ್ಲ, ಆ ವಾಸನೆಗೆ ಬೇಡ ಅನ್ನಿಸಿತು ಅಂತ. ನನಗೆ ಈ ಬಳಕೆ ತುಂಬಾ ಇಷ್ಟ. ಮುಂದೂಡುವ ಅರ್ಥದ ಪುಟ್ ಆಫ್ ನಂತರ ಇನ್ನೊಂದು ಕ್ರಿಯಾಪದ ಬಂದರೆ 'ಪುಟ್ ಆಫ್ ಗೋಯಿಂಗ್' ಅನ್ನಿ, 'ಪುಟ್ ಆಫ್ ಟು ಗೋ' ತಪ್ಪು.

'ಇಟ್' ಎರಡರಲ್ಲೂ ನಡುವೆಯೇ ಕೂರಬೇಕು: 'ಪುಟ್ ಇಟ್ ಆಫ್', 'ಕಾಲ್ ಇಟ್ ಆಫ್'. ಆಫೀಸಿನ ಪತ್ರದಲ್ಲಾದರೆ ಪೋಸ್ಟ್‌ಪೋನ್, ಕ್ಯಾನ್ಸಲ್ ಒಪ್ಪುತ್ತವೆ.