ಬಾಣಂತಿ ಸ್ನಾನದ ಸರ್ವಿಸ್: ಕೈ ಚೆನ್ನಾಗಿದೆ, ಸಲಹೆ ಮಾತ್ರ ಬೇಡ

ಅಮ್ಮ, ಅತ್ತೆ ಇಬ್ಬರೂ ಊರಲ್ಲಿ, ಬೆಂಗಳೂರಿನ ಫ್ಲ್ಯಾಟ್‌ನಲ್ಲಿ ನಾವಿಬ್ಬರೇ ಅನ್ನುವವರಿಗೆ ಇದು ನಿಜಕ್ಕೂ ಬೇಕು. ಏಜೆನ್ಸಿಯಿಂದ ಮನೆಗೆ ಬಂದ ಅಜ್ಜಿ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕುವುದನ್ನು ನೋಡಿಯೇ ನನ್ನ ಅರ್ಧ ಭಯ ಹೋಯಿತು, ಆಮೇಲೆ ನನಗೂ ಬೆನ್ನು ಸೊಂಟಕ್ಕೆ ಎಣ್ಣೆ ತಿಕ್ಕಿ ಬಿಸಿನೀರು ಹಾಕಿದ ಮೇಲೆ ಬಂದ ನಿದ್ದೆ ಇದೆಯಲ್ಲ, ಅದೊಂದಕ್ಕೇ ದುಡ್ಡು ಕೊಡಬಹುದು. ಸಾಂಬ್ರಾಣಿ ಹೊಗೆ ಬೇಡ ಎಂದು ಮೊದಲೇ ಹೇಳಿ, ಎಳೆ ಮಗುವಿನ ಉಸಿರಾಟಕ್ಕೆ ಒಳ್ಳೆಯದಲ್ಲ. ಕಿವಿ, ಮೂಗಿಗೆ ಎಣ್ಣೆ ಬಿಡುವುದೂ ಬೇಡ. ಬಾಣಂತಿ ನೀರು ಜಾಸ್ತಿ ಕುಡಿಯಬಾರದು ಅನ್ನುತ್ತಾರೆ, ಸುಮ್ನೆ ತಲೆಯಾಡಿಸಿ ಕುಡಿಯಿರಿ. ಮಗುವಿಗೆ ಮಾತ್ರ 6 ತಿಂಗಳು ಎದೆಹಾಲೇ ಸಾಕು, ನೀರೂ ಬೇಡ. ಏಜೆನ್ಸಿಯವರು ಹೇಳದೆ ಕೇಳದೆ ರಜೆ ಹಾಕುತ್ತಾರೆ, ಅದಕ್ಕೆ ಮಗುವಿಗೆ ಸ್ನಾನ ಮಾಡಿಸುವುದನ್ನು ಗಂಡನಿಗೂ ಕಲಿಸಿ ಎಂದು ಕೇಳಿ. ಅಜ್ಜಿ ನಗುತ್ತಾರೆ, ಆದರೆ ಕಲಿಸುತ್ತಾರೆ.